ಅಪ್ಪನ ರ‍್ಯಾಲಿ ಸೈಕಲ್ಲಿಗೆ ಹೊಸ ಬಣ್ಣ

ಹಳೇ ಸೈಕಲ್ಲಿಗೆ ಈಗ ಎರಡೇ ದಾರಿ. ಒಂದು ಗುಜರಿಯವನ ತಕ್ಕಡಿ, ಇನ್ನೊಂದು ಕೆಫೆಯ ಗೋಡೆ. ನಮ್ಮ ಮನೆಯದು ಎರಡಕ್ಕೂ ಹೋಗಲಿಲ್ಲ. ಅದಕ್ಕೆ ಕಾರಣ ಹಳೇ ಸಾಮಾನಿನ ಮೇಲೆ ನನಗಿದ್ದ ಪ್ರೀತಿಯೇನಲ್ಲ, ಅಪ್ಪನ ಕಾಯಿಲೆ.

ಅಪ್ಪ ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಕೆಲಸ ಇದ್ದಷ್ಟು ವರ್ಷವೂ ಡ್ಯೂಟಿಗೆ ಹೋಗಿದ್ದು ಒಂದೇ ಸೈಕಲ್ಲಿನಲ್ಲಿ, ಹಸಿರು ಬಣ್ಣದ ರ‍್ಯಾಲಿ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಶುರುವಾದ ಆ ಕಂಪನಿಗೆ ಅದು ಹುಟ್ಟಿದ ರ‍್ಯಾಲಿ ಸ್ಟ್ರೀಟಿನ ಹೆಸರೇ ಬಂತು. ಆಮೇಲೆ ನಮ್ಮ ದೇಶದಲ್ಲೂ, ಪಶ್ಚಿಮ ಬಂಗಾಳದ ಅಸನ್ಸೋಲ್‌ನಲ್ಲಿ, ಸೆನ್-ರ‍್ಯಾಲಿ ಹೆಸರಿನಲ್ಲಿ ಈ ಸೈಕಲ್‌ಗಳು ತಯಾರಾದವು. ಅಪ್ಪನದು ಅಲ್ಲಿಂದ ಬಂದದ್ದು, ಅದೂ ಸೆಕೆಂಡ್ ಹ್ಯಾಂಡ್. 28 ಇಂಚಿನ ಚಕ್ರ, ರಾಡ್ ಬ್ರೇಕ್, ಹ್ಯಾಂಡಲ್ ಕೆಳಗೆ ಕೊಕ್ಕರೆ ತಲೆಯ ಬಿಲ್ಲೆ.

ನಾಲ್ಕು ವರ್ಷದ ಹಿಂದೆ ಅಪ್ಪನಿಗೆ ಪಾರ್ಕಿನ್ಸನ್ಸ್ ಅಂತ ಗೊತ್ತಾಯ್ತು. ಕೈ ನಡುಗೋದು ಎಲ್ಲರಿಗೂ ಕಾಣುತ್ತೆ. ಕಾಣದೇ ಇರೋದು ಇನ್ನೊಂದಿದೆ. ಬಾಗಿಲ ಹತ್ತಿರ ಬಂದರೆ ಸಾಕು, ಕಾಲು ನೆಲಕ್ಕೆ ಅಂಟಿದ ಹಾಗೆ ನಿಂತುಬಿಡ್ತಾರೆ. ಮನಸ್ಸು ಹೊಸ್ತಿಲು ದಾಟಿರುತ್ತೆ, ಕಾಲು ದಾಟಿರಲ್ಲ. ಒಂದೆರಡು ಸಲ ಬಿದ್ದ ಮೇಲೆ ಅವರು ಜಗಲಿಯ ಕುರ್ಚಿ ಬಿಟ್ಟು ಏಳೋದೇ ಕಡಿಮೆ ಮಾಡಿದರು. ಮಾತೂ ಕಡಿಮೆಯಾಯ್ತು.

ಆಗ ನಾನು ಓದಿದ ಒಂದು ವಿಷಯ ತಲೆಯಲ್ಲೇ ಕೂತುಬಿಡ್ತು. 2010ರಲ್ಲಿ ನೆದರ್‌ಲ್ಯಾಂಡ್ಸ್‌ನ ವೈದ್ಯರು ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ 58 ವರ್ಷದ ಒಬ್ಬ ರೋಗಿಯ ಬಗ್ಗೆ ಬರೆದಿದ್ದರು. ಪಾರ್ಕಿನ್ಸನ್ಸ್‌ನಿಂದ ನಾಲ್ಕು ಹೆಜ್ಜೆ ನಡೆಯೋಕೂ ಆಗದ ಆ ಮನುಷ್ಯ ಸೈಕಲ್ ಹತ್ತಿಸಿದರೆ ಸರಾಗವಾಗಿ ತುಳಿಯುತ್ತಿದ್ದನಂತೆ. ನಮ್ಮ ಡಾಕ್ಟರಿಗೆ ತೋರಿಸಿದೆ. "ರಸ್ತೆಗೆ ಮಾತ್ರ ಬೇಡವೇ ಬೇಡ. ನಿಂತಲ್ಲೇ ತುಳಿಯೋದಾದ್ರೆ, ಪಕ್ಕದಲ್ಲಿ ಒಬ್ಬರು ಇರೋದಾದ್ರೆ, ಖಂಡಿತ ಮಾಡಿಸಿ" ಅಂದರು.

ಅಣ್ಣ ಅವತ್ತೇ ಎಕ್ಸರ್‌ಸೈಜ್ ಸೈಕಲ್ ಆರ್ಡರ್ ಮಾಡೋಕೆ ಹೊರಟ. ಅಪ್ಪ ಫೋನಿನಲ್ಲಿದ್ದ ಫೋಟೋ ನೋಡಿ, "ಚಕ್ರನೇ ಇಲ್ವಲ್ಲೋ ಇದಕ್ಕೆ" ಅಂದರು. ಸ್ವಲ್ಪ ಹೊತ್ತು ಬಿಟ್ಟು ಹಿತ್ತಲ ಕಡೆ ಕೈ ತೋರಿಸಿದರು. "ಸ್ಟ್ಯಾಂಡ್ ಹಾಕಿದ್ರೆ ನಮ್ದೂ ನಿಂತಲ್ಲೇ ತಿರುಗ್ತದೆ."

ನಿಜ. ಆ ಕಾಲದ ಸೈಕಲ್ಲಿನ ಸ್ಟ್ಯಾಂಡ್ ಹಿಂದಿನ ಚಕ್ರವನ್ನು ನೆಲದಿಂದ ಪೂರ್ತಿ ಎತ್ತಿ ಹಿಡಿಯುತ್ತೆ. ಚಿಕ್ಕವರಿದ್ದಾಗ ನಾವೆಲ್ಲ ಹಾಗೇ ಗಂಟೆಗಟ್ಟಲೆ ತುಳಿದವರು.

ಅಮ್ಮ ಮಾತ್ರ ಒಪ್ಪಲಿಲ್ಲ. "ಬಿದ್ರೆ ಯಾರವ್ವ ಎತ್ತೋರು? ನೀನು ಸೋಮವಾರ ಬೆಂಗಳೂರಿಗೆ ಹೋಗ್ತೀಯ." ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮೊದಲು ಸೈಕಲ್ ರೆಡಿಯಾಗಲಿ, ಆಮೇಲೆ ನೋಡೋಣ ಅಂತ ಮಾತು ಮುಗಿಸಿದೆವು.

ಹೀಗೆ ನಮ್ಮ ಶನಿವಾರಗಳು ಶುರುವಾದವು. ಕುರ್ಚಿ ಅಪ್ಪನದು, ಸ್ಪ್ಯಾನರ್ ನನ್ನದು.

ನಿಮ್ಮ ಮನೆಯಲ್ಲೂ ಇಂಥ ಸೈಕಲ್ ಇದ್ದರೆ ಬಣ್ಣದ ಯೋಚನೆಗೆ ಮೊದಲು ಫ್ರೇಮ್ ನೋಡಿ. "ಓಡದ ಸೈಕಲ್ಲಿಗೆ ಬಣ್ಣ ಯಾಕವ್ವ?" ಅಂತ ಅಪ್ಪ ಮೊದಲ ದಿನವೇ ಹೇಳಿದರು. ಹ್ಯಾಂಡಲ್ ಹತ್ತಿರ ಕೆಳಗಿನ ಪೈಪು ಸೇರೋ ಜಾಗದಲ್ಲಿ ಬಣ್ಣ ಉಬ್ಬಿದ್ದರೆ, ಅಡ್ಡಗೆರೆಯಾಗಿ ಸೀಳಿದ್ದರೆ, ಯಾವತ್ತೋ ಮುಂದಿನಿಂದ ಗುದ್ದಿದೆ ಅಂತ ಅರ್ಥ. ಆಮೇಲೆ ದಾರದ ಪರೀಕ್ಷೆ. ಹಿಂದಿನ ಚಕ್ರ ಕೂರುವ ಸೀಳಿಗೆ ದಾರ ಕಟ್ಟಿ, ಮುಂದೆ ಹ್ಯಾಂಡಲಿನ ಕೆಳಗಿನ ಪೈಪನ್ನು ಬಳಸಿ, ಆಚೆ ಬದಿಯ ಸೀಳಿಗೆ ತಂದು ಬಿಗಿಯಾಗಿ ಕಟ್ಟಬೇಕು. ಸೀಟಿನ ಪೈಪಿನಿಂದ ಎರಡೂ ಕಡೆಯ ದಾರಕ್ಕೆ ಇರುವ ಅಂತರವನ್ನು ಸ್ಕೇಲಿನಲ್ಲಿ ಅಳೆದರೆ ಆಯ್ತು. ಎರಡೂ ಒಂದೇ ಬಂದರೆ ಫ್ರೇಮ್ ನೆಟ್ಟಗಿದೆ. ನಮ್ಮದು ಒಂದೇ ಬಂತು. ಅಪ್ಪ ಅವತ್ತು ಎರಡು ಸಲ ಅಳೆಸಿದರು, ಎರಡನೇ ಸಲ ಸುಮ್ಮನೆ ಖುಷಿಗೆ.

ಬಿಚ್ಚುವ ಕೆಲಸ ಬಲ ಕೇಳುತ್ತೆ ಅಂದ್ಕೊಂಡಿದ್ದೆ, ಅದು ಕೇಳಿದ್ದು ತಾಳ್ಮೆ. ಸೀಟಿನ ಕಂಬಿ ಫ್ರೇಮಿಗೆ ಕಚ್ಚಿಕೊಂಡಿತ್ತು. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ವಾರ ಕಾದೆವು. ಪೆಡಲ್ ತೋಳಿನ ಕಾಟರ್ ಪಿನ್ ತೆಗೆಯುವಾಗ ಅಪ್ಪ ಕುರ್ಚಿಯಿಂದಲೇ ಕೂಗಿದರು, "ನಟ್ ಪೂರ್ತಿ ತೆಗೀಬೇಡ, ಸಡಿಲ ಮಾಡಿ ಅದರ ಮೇಲೆ ಹೊಡಿ. ಇಲ್ದಿದ್ರೆ ಥ್ರೆಡ್ ಹೋಗ್ತದೆ." ಎಡಗಡೆ ಪೆಡಲಿನ ಥ್ರೆಡ್ ಉಲ್ಟಾ ಅನ್ನೋದೂ ನನಗೆ ಅವತ್ತೇ ಗೊತ್ತಾಗಿದ್ದು. ಬಾಲ್ಸ್ ಎಲ್ಲ ತೆಗೆದು, ಡೀಸೆಲ್‌ನಲ್ಲಿ ತೊಳೆದು, ಅಮ್ಮನ ಹಳೇ ಇಡ್ಲಿ ತಟ್ಟೆಯ ಗುಳಿಗಳಲ್ಲಿ ಬೇರೆ ಬೇರೆ ಇಟ್ಟೆ. ಅದನ್ನು ನೋಡಿ ಅಮ್ಮ ಮೊದಲ ಸಲ ನಕ್ಕಿದ್ದು.

ಬಣ್ಣದ ವಿಷಯದಲ್ಲಿ ನನಗೂ ಅಪ್ಪನಿಗೂ ಜಗಳವಾಯ್ತು. ನಡುವಿನ ಬಾರ್ ಮೇಲೆ ನನ್ನ ಪುಟ್ಟ ಸೀಟು ಕೂರಿಸಿದ್ದ ಜಾಗ. ಅದರ ಕ್ಲಾಂಪ್ ಉಜ್ಜಿ ಉಜ್ಜಿ ಹಸಿರು ಬಣ್ಣ ಹೋಗಿ ಕಬ್ಬಿಣ ಕಾಣುತ್ತಿತ್ತು. ಹಳೇ ಬಣ್ಣ ಹಾಗೇ ಇರಲಿ, ಆ ಗುರುತನ್ನಾದರೂ ಉಳಿಸೋಣ ಅಂತ ನಾನು. ಅಪ್ಪ ಬೆರಳಿನಿಂದ ಅದನ್ನು ಸವರಿದರು. "ತುಕ್ಕು ಗುರುತು ಕಾಯ್ಕೊಂಡು ಸುಮ್ನೆ ಕೂರಲ್ಲ ಕಣವ್ವ, ಒಳಕ್ಕೆ ತಿಂತದೆ." ನಾನು ಅದರದ್ದೊಂದು ಫೋಟೋ ತೆಗೆದುಕೊಂಡೆ, ಅವರು ಹೇಳಿದ ಹಾಗೆ ಪೂರ್ತಿ ಬಣ್ಣ ತೆಗೆದೆ.

ತೆಗೆಯುವಾಗ ಒಂದು ಎಚ್ಚರ. ಹಳೇ ಬಣ್ಣದಲ್ಲಿ ಸೀಸ ಇರಬಹುದು, ಒಣ ಉಪ್ಪುಕಾಗದದಲ್ಲಿ ಉಜ್ಜಿದರೆ ಆ ಧೂಳು ಮೂಗಿಗೆ ಹೋಗುತ್ತೆ. ನಾವು ಪೇಂಟ್ ರಿಮೂವರ್ ಹಚ್ಚಿ, ಗ್ಲೌಸ್, ಮಾಸ್ಕ್ ಹಾಕಿಕೊಂಡು ಹೊರಗಡೆ ಕೂತು ತೆಗೆದೆವು. ಉಳಿದದ್ದನ್ನು ನೀರು ಹಾಕಿಕೊಂಡೇ ಉಜ್ಜಿದೆವು. ಬರಿಯ ಉಕ್ಕು ಗಾಳಿಗೆ ಇದ್ದರೆ ಬೇಗ ಮತ್ತೆ ತುಕ್ಕು ಹಿಡಿಯುತ್ತೆ, ಹಾಗಾಗಿ ಒರೆಸಿ ಒಣಗಿಸಿ ಅದೇ ದಿನ ಪ್ರೈಮರ್ ಬೀಳಲೇಬೇಕು.

ಪೌಡರ್ ಕೋಟಿಂಗ್ ಮಾಡಿಸು, ಗಟ್ಟಿ ಅಂತ ಅಣ್ಣನ ಸಲಹೆ. ಗಟ್ಟಿಯೇನೋ ಹೌದು. ಅದನ್ನು ಬೇಯಿಸೋದು ಸುಮಾರು 200 ಡಿಗ್ರಿಯಲ್ಲಿ. ಪೈಪುಗಳನ್ನು ಬೆಸೆದ ಹಿತ್ತಾಳೆ ಕರಗೋಕೆ 900ರ ಹತ್ತಿರ ಬೇಕು, ಫ್ರೇಮಿಗೆ ಏನೂ ಆಗಲ್ಲ. ಆದರೆ ಆ ದಪ್ಪ ಪದರದಲ್ಲಿ ಕೀಲುಗಳ ಅಂಚು, ಫ್ರೇಮಿನ ನಂಬರ್ ಎಲ್ಲ ಮುಚ್ಚಿಹೋಗುತ್ತೆ. ಕೊನೆಗೆ ಕಾರು ರಿಪೇರಿಯ ಟಿಂಕರಿಂಗ್ ಶೆಡ್ಡಿನಲ್ಲಿ ಸ್ಪ್ರೇ ಮಾಡಿಸಿದೆವು. ಪ್ರೈಮರ್ ಎರಡು ಕೋಟ್, ಹಸಿರು ಮೂರು ಕೋಟ್. ಥ್ರೆಡ್ ಇರುವ ಕಡೆ, ಬಾಲ್ಸ್ ಕಪ್ ಕೂರುವ ಕಡೆ ಟೇಪ್ ಸುತ್ತಿ ಕೊಟ್ಟಿದ್ದೆ. ಅಲ್ಲಿ ಬಣ್ಣ ಕೂತರೆ ಕಪ್ ಸರಿಯಾಗಿ ಕೂರಲ್ಲ. ಬಂಗಾರದ ಬಣ್ಣದ ಸಣ್ಣ ಗೆರೆಗಳನ್ನು ಎಳೆದಿದ್ದು ಅಂಗಡಿ ಬೋರ್ಡ್ ಬರೆಯುತ್ತಿದ್ದ ಒಬ್ಬ ಪೇಂಟರ್. ಫ್ಲೆಕ್ಸ್ ಬಂದ ಮೇಲೆ ಅವರ ಬ್ರಷ್‌ಗೆ ಕೆಲಸ ಕಡಿಮೆ. ಟೇಪ್ ಬೇಕಾ ಅಂತ ಕೇಳಿದೆ. ನನ್ನ ಮುಖ ನೋಡಿದರು, ಉತ್ತರ ಕೊಡಲಿಲ್ಲ, ಒಂದೇ ಉಸಿರಿಗೆ ಗೆರೆ ಎಳೆದರು.

ಬಣ್ಣ ಒಣಗಿದ ಮೇಲೆ ಪೈಪುಗಳ ಒಳಗೆ ಸ್ವಲ್ಪ ಎಣ್ಣೆ ಬಿಟ್ಟು, ಫ್ರೇಮನ್ನು ಮಗುಚಿ ಮಗುಚಿ ಎಲ್ಲ ಕಡೆ ಹಿಡಿಸಿದೆ. ಹೊಸ ಬಾಲ್ಸ್, ಹೊಸ ಗ್ರೀಸ್, ಹೊಸ ಚೈನ್. ಫಿಟ್ ಮಾಡಿದ ಮೇಲೆ ಅಪ್ಪ ಉದ್ದನೆಯ ಸ್ಕ್ರೂಡ್ರೈವರ್ ಕೇಳಿದರು. ಅದರ ತುದಿಯನ್ನು ಪೆಡಲ್ ಅಚ್ಚಿನ ಹತ್ತಿರ ನಾನು ಒತ್ತಿ ಹಿಡಿದೆ, ಹಿಡಿಯ ಕಡೆ ಅವರು ಕಿವಿ ಇಟ್ಟರು. ಕಾರ್ಖಾನೆಯಲ್ಲಿ ಬೇರಿಂಗ್ ನೋಡುತ್ತಿದ್ದದ್ದು ಹೀಗೇ ಅಂತೆ. ಚಕ್ರ ತಿರುಗಿಸಿದೆ. ನಡುಗುವ ಕೈ ಸುಮ್ಮನೆ ಮಡಿಲಲ್ಲಿತ್ತು, ಕೇಳುತ್ತಿದ್ದ ಮುಖ ಮಾತ್ರ ಹಳೇ ಫಿಟ್ಟರ್‌ನದು. "ಕಾಲು ಸುತ್ತು ಸಡಿಲ ಮಾಡು" ಅಂದರು. ಮಾಡಿದೆ. "ಈಗ ಸರಿ."

ಹತ್ತಿಸುವ ದಿನ ಅಮ್ಮನ ಪ್ರಶ್ನೆಗೆ ಅಮ್ಮನೇ ಉತ್ತರ ಹುಡುಕಿದ್ದರು. ಸೈಕಲ್ಲನ್ನು ಜಗಲಿಯ ಎರಡು ಕಂಬಗಳ ಮಧ್ಯೆ ನಿಲ್ಲಿಸಿ, ಎರಡೂ ಕಡೆ ಹಗ್ಗದಲ್ಲಿ ಬಿಗಿದು ಕಟ್ಟಿಸಿದರು. ಸೀಟು ಪೂರ್ತಿ ಇಳಿಸಿದೆವು. ಹತ್ತಲು ಒಂದು ಗಟ್ಟಿ ಮಣೆ. ವಾರದ ದಿನಗಳಿಗೆ ಪಕ್ಕದ ಮನೆಯ ಡಿಪ್ಲೊಮಾ ಓದುವ ಹುಡುಗನನ್ನು ಒಪ್ಪಿಸಿದ್ದರು. ಅವನಿಲ್ಲದೆ ಅಪ್ಪ ಹತ್ತುವಂತಿಲ್ಲ, ಅದು ಅಮ್ಮನ ಕಾನೂನು.

ಮೊದಲ ಸುತ್ತಿಗೆ ಅಪ್ಪನ ಕಾಲು ತಡೆಯಿತು. ಎರಡನೆಯದಕ್ಕೂ. ಮೂರನೆಯದು ಹೋಯ್ತು, ಆಮೇಲೆ ನಿಲ್ಲಲಿಲ್ಲ. ಹತ್ತು ನಿಮಿಷ. ಕಾಯಿಲೆ ವಾಸಿಯಾಯ್ತು ಅಂತ ನಾನು ಹೇಳ್ತಿಲ್ಲ. ಇಳಿದ ಮೇಲೆ ಬಾಗಿಲಲ್ಲಿ ಕಾಲು ಮತ್ತೆ ನಿಂತಿತು, ಅಮ್ಮ ಕೈ ಹಿಡಿದು ದಾಟಿಸಿದರು. ಆದರೆ ಆ ಹತ್ತು ನಿಮಿಷ ಅವರ ಕಾಲು ಅವರ ಮಾತು ಕೇಳಿತ್ತು.

ಒಟ್ಟು ಖರ್ಚು 6,400 ರೂಪಾಯಿ, ಹನ್ನೊಂದು ಶನಿವಾರ. ಈಗ ದಿನಾ ಸಂಜೆ ಐದೂವರೆಗೆ ಜಗಲಿಯಲ್ಲಿ ಚಕ್ರದ ಸದ್ದು. ಮೊನ್ನೆ ನಾನು ಆಫೀಸಿನಲ್ಲಿದ್ದಾಗ ಫೋನ್ ಬಂತು. ಅಪ್ಪ ತಾವಾಗಿ ಫೋನ್ ಮಾಡಿ ಎಷ್ಟೋ ತಿಂಗಳಾಗಿತ್ತು.

"ಚೈನು ಸಡಿಲ ಆಗದೆ ಕಣವ್ವ. ಶನಿವಾರ ಬತ್ತೀಯಲ್ಲ, 15ನೇ ನಂಬರ್ ಸ್ಪ್ಯಾನರ್ ತಗೊಂಡ್ ಬಾ."