ನೋವು ಹೋಯಿತು, ಬಲ ಬಂತೇ?



"ನೋವಿಲ್ಲವಲ್ಲ, ಮತ್ತೇಕೆ ಆಸ್ಪತ್ರೆ?" ಎಂಬ ಮಾತು ನಮ್ಮ ಮನೆಗಳಲ್ಲಿ ಹೊಸದಲ್ಲ. ನಾನೂ ಹೇಳಿದವಳೇ. ಅದು ತಪ್ಪೆಂದು ನನಗೆ ಕಲಿಸಿದ್ದು ಮಗಳ ಮೊಣಕಾಲು.

ಪಿಯುಸಿ ಓದುತ್ತಿದ್ದ ಅವಳು ಥ್ರೋಬಾಲ್ ಪಂದ್ಯದಲ್ಲಿ ಚೆಂಡಿಗಾಗಿ ಹಾರಿ ಇಳಿಯುವಾಗ ಕಾಲು ತಿರುಚಿಕೊಂಡಿತು. ಮೊಣಕಾಲನ್ನು ಹಿಡಿದಿಡುವ ಎಸಿಎಲ್ ಎಂಬ ಅಸ್ಥಿರಜ್ಜು ಹರಿದಿತ್ತು. ಶಸ್ತ್ರಚಿಕಿತ್ಸೆ ಮಾಡಿಸಿದೆವು. "ಹೆಣ್ಣುಮಗುವಿಗೆ ಆಟ ಬೇಕಿತ್ತೇ?" ಎಂದ ಬಂಧುಗಳಿಗೆ, ಅವಳು ಬೇಗ ಗುಣವಾದದ್ದನ್ನು ತೋರಿಸಬೇಕೆಂಬ ಹಟ ನನ್ನದು. ಐದನೇ ತಿಂಗಳಿಗೆ ಸರಾಗವಾಗಿ ಮೆಟ್ಟಿಲು ಹತ್ತತೊಡಗಿದಳು. ದಿನದ ವ್ಯಾಯಾಮ ತಪ್ಪಿಸಿದರೂ ನಾನು ಕೇಳಲಿಲ್ಲ.

ಆರನೇ ತಿಂಗಳಲ್ಲಿ ಪಂದ್ಯಕ್ಕೆ ಕರೆ ಬಂತು. ಒಪ್ಪಿಗೆ ಪಡೆಯಲು ಫಿಸಿಯೋಥೆರಪಿಸ್ಟರ ಬಳಿಗೆ ಹೋದೆವು. ಆಕೆ ಮೊದಲು ಕೈಯಿಂದಲೇ ಕಾಲನ್ನು ಒತ್ತಿ, ಎದುರು ಒತ್ತುವಂತೆ ಹೇಳಿದರು. ಈ ಪರೀಕ್ಷೆಯಲ್ಲಿ 0ಯಿಂದ 5ರ ವರೆಗೆ ಅಂಕ. 0 ಎಂದರೆ ಸ್ನಾಯುವಿನಲ್ಲಿ ಚಲನೆಯೇ ಇಲ್ಲ, 5 ಎಂದರೆ ಪೂರ್ಣ ಬಲ. ಎರಡೂ ಕಾಲಿಗೆ 5! ನನಗೆ ಹಿಗ್ಗು. ಬಳಿಕ ಕಾಲಿಗೆ ಪಟ್ಟಿ ಕಟ್ಟಿ ಡೈನಮೋಮೀಟರಿನಲ್ಲಿ ಅಳೆದರು. ಗಾಯಗೊಂಡ ಕಾಲಿನ ಮುಂದೊಡೆಯ ಬಲ ಇನ್ನೊಂದರ ಶೇಕಡಾ 68 ಮಾತ್ರ. ಇಷ್ಟು ವ್ಯತ್ಯಾಸವನ್ನೂ ಪರೀಕ್ಷಿಸುವವರ ಕೈ ಗುರುತಿಸದೇ ಹೋಗಬಹುದಂತೆ.

"ನಿಮ್ಮ ಶಾಲೆಯಲ್ಲಿ 68 ಪ್ರಥಮ ದರ್ಜೆ ಟೀಚರ್, ಇಲ್ಲಿ ಕನಿಷ್ಠ 90 ಬೇಕು" ಎಂದರು. ಕೀಲು ಊದಿಕೊಂಡಾಗ ಸ್ನಾಯುವಿಗೆ ನರಗಳ ಆಜ್ಞೆ ತಗ್ಗುತ್ತದೆ, ಬಳಸದೆ ಅದು ಸೊರಗುತ್ತದೆ. ನಡೆಯುವಾಗ ಒಳ್ಳೆಯ ಕಾಲು ಭಾರ ಹೊತ್ತುಕೊಳ್ಳುವುದರಿಂದ ಕೊರತೆ ನಮಗೆ ಕಾಣುವುದಿಲ್ಲ. 2016ರಲ್ಲಿ ಪ್ರಕಟವಾದ ನಾರ್ವೆ-ಅಮೆರಿಕಾದ ಅಧ್ಯಯನವೊಂದರಲ್ಲಿ, ಒಂಬತ್ತು ತಿಂಗಳವರೆಗೆ ಆಟಕ್ಕೆ ಮರಳುವುದನ್ನು ತಡಮಾಡಿದ ಪ್ರತಿ ತಿಂಗಳಿಗೂ ಮರುಗಾಯ ಸುಮಾರು ಅರ್ಧದಷ್ಟು ಕಡಿಮೆಯಾಗಿತ್ತು.

"ಹಾಗಾದ್ರೆ ನಾನು ಫೇಲಾ ಉಮ್ಮಾ?" ಆಟೋದಲ್ಲಿ ಮಗಳು ಅತ್ತಳು. ಫೇಲಾದವಳು ನಾನು. ಉತ್ತರಪತ್ರಿಕೆ ನೋಡದೆ ಯಾರಿಗೂ ಅಂಕ ಕೊಡದವಳು, ಮಗಳ ಕಾಲಿಗೆ ಕೊಟ್ಟುಬಿಟ್ಟಿದ್ದೆ.

ಅಂದಿನಿಂದ ಅವರು ಹೇಳಿಕೊಟ್ಟ ವ್ಯಾಯಾಮಗಳು ತಪ್ಪಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ಕೂರುವುದು, ಒಂಟಿ ಕಾಲಲ್ಲಿ ಕುರ್ಚಿಯಿಂದ ಏಳುವುದು, ಮೆಟ್ಟಿಲಿನಿಂದ ನಿಧಾನ ಇಳಿಯುವುದು. ಭಾರವನ್ನು ಸ್ವಲ್ಪಸ್ವಲ್ಪವೇ ಏರಿಸಿದರು. ಜೊತೆಗೆ ನಾನೂ ಕುಳಿತೆ, ಎದ್ದೆ. ಹನ್ನೊಂದನೇ ತಿಂಗಳಲ್ಲಿ ಬಲ 93ಕ್ಕೆ ಬಂತು. ಒಂಟಿ ಕಾಲಿನ ಜಿಗಿತದಲ್ಲೂ ಎರಡು ಕಾಲುಗಳ ದೂರ ಬಹುತೇಕ ಸಮವಾಯಿತು. ಅಲ್‌ಹಮ್ದುಲಿಲ್ಲಾಹ್, ಈಗ ಮತ್ತೆ ಆಡುತ್ತಿದ್ದಾಳೆ.

ನಿಮ್ಮ ಮಗನೋ ಮಗಳೋ ಆಟದಲ್ಲಿ ಗಾಯಗೊಂಡಿದ್ದರೆ, ನೋವು ಹೋಯಿತೇ ಎಂದಷ್ಟೇ ಕೇಳಬೇಡಿ. ಬಲ ಎಷ್ಟು ಬಂತು, ಅಳೆದಿರಾ ಎಂದು ಕೇಳಿ. ದೇಹ ನಮ್ಮ ಕೈಗಿತ್ತ ಅಮಾನತ್. ಅದನ್ನು ಕಾಯಲು ದುಆ ಬೇಕು, ಜೊತೆಗೆ ತಾಳ್ಮೆಯೂ ಬೇಕು.