ಸಾವಿರ ಹುಣ್ಣಿಮೆಯ ಊಟ

ಆಯುಷ್ಯದಲ್ಲಿ ಸಾವಿರ ಹುಣ್ಣಿಮೆಗಳನ್ನು ಕಂಡವರಿಗೆ ಸಹಸ್ರಚಂದ್ರದರ್ಶನದ ಶಾಂತಿಯನ್ನು ಮಾಡಿಸುವುದು ಹಿರಿಯರಿಂದ ನಡೆದು ಬಂದ ಪದ್ಧತಿ. ವರ್ಷಕ್ಕೆ ೧೨ರಂತೆ ೮೦ ವರ್ಷಗಳಿಗೆ ೯೬೦ ಹುಣ್ಣಿಮೆ. ೧೯ ವರ್ಷಗಳಿಗೆ ೭ರಂತೆ ಬರುವ ಅಧಿಕಮಾಸಗಳಿಂದ ಮತ್ತೆ ೨೯. ಉಳಿದ ಹನ್ನೊಂದು ಹುಣ್ಣಿಮೆಗಳಿಗಾಗಿ ಎಂಬತ್ತು ತುಂಬಿದ ಮೇಲೂ ಹತ್ತು ತಿಂಗಳಿಗೆ ಕಡಿಮೆಯಿಲ್ಲದಂತೆ ಕಾಯಬೇಕು. ೧೯೪೫ರಲ್ಲಿ ಹುಟ್ಟಿದ ನಮ್ಮ ತೀರ್ಥರೂಪರಿಗೆ ಈ ಲೆಕ್ಕ ಪೂರ್ತಿಯಾಗುವ ದಿನ ಸಮೀಪಿಸಿದಾಗ ಹೋಮ, ಪುರೋಹಿತರು, ದಕ್ಷಿಣೆ ಇವುಗಳ ವಿಷಯದಲ್ಲಿ ಮನೆಯಲ್ಲಿ ಯಾರಿಗೂ ಸಂಶಯವಿರಲಿಲ್ಲ. ನಮ್ಮನ್ನು ಯೋಚನೆಗೆ ಹಚ್ಚಿದ್ದು ಅವರೇ ಆಡಿದ ಒಂದು ಮಾತು.

"ಹೋಮ ಚಿಕ್ಕದಾಗಿ ಮನೆಯಲ್ಲೇ ಆಗಲಿ. ದೊಡ್ಡ ಪಂಕ್ತಿ ಬೇಡ. ಮರುದಿನ ನಮ್ಮಿಬ್ಬರನ್ನು ಒಂದು ಹೋಟೆಲಿಗೆ ಕರೆದುಕೊಂಡು ಹೋಗು. ನಿನ್ನ ಅಮ್ಮ ಕುಳಿತಿರಬೇಕು, ಬೇರೆಯವರು ತಂದು ಬಡಿಸಬೇಕು."

ಈ ಮಾತನ್ನು ಆಡಿದವರು ಹೋಟೆಲನ್ನು ಬಲ್ಲವರು. ೧೯೫೬ರ ನವೆಂಬರ್ ೧ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ಅವರು ಕನ್ನಡ ಶಾಲೆಯ ವಿದ್ಯಾರ್ಥಿ. ಅದಾಗಿ ಎರಡು ವರ್ಷಗಳಲ್ಲಿ ಮನೆಯ ಬಡತನ ಅವರನ್ನು ಮುಂಬಯಿಗೆ ಕಳುಹಿಸಿತು. ಕೊಂಕಣ ರೈಲುಮಾರ್ಗ ಪೂರ್ತಿಯಾದದ್ದು ೧೯೯೮ರಲ್ಲಿ. ಆ ಕಾಲದಲ್ಲಿ ಮುಂಬಯಿ ಎಂದರೆ ನಮ್ಮವರಿಗೆ ಬೇರೊಂದು ಲೋಕವೇ. ಮಾಟುಂಗದ ಒಂದು ಉಡುಪಿ ಹೋಟೆಲಿನಲ್ಲಿ ಮೊದಲು ತಟ್ಟೆಲೋಟ ತೊಳೆಯುವ ಕೆಲಸ, ಆಮೇಲೆ ಮೇಜು ಒರೆಸುವುದು, ಆಮೇಲೆ ಬಡಿಸುವುದು. ಇರುಳಿನಲ್ಲಿ ಕನ್ನಡ ರಾತ್ರಿಶಾಲೆ. ಇಡ್ಲಿ, ವಡೆ, ಸಾದಾ, ಮಸಾಲೆ, ಉಪ್ಪಿಟ್ಟು, ಶೀರಾ ಎಂದು ಇಡೀ ತಿಂಡಿಪಟ್ಟಿಯನ್ನು ಒಂದೇ ಉಸಿರಿಗೆ ಹೇಳಿ ಮುಗಿಸುತ್ತಿದ್ದೆನೆಂದು ಅವರು ನಮ್ಮ ಬಾಲ್ಯದಲ್ಲಿ ಹೇಳಿ ತೋರಿಸುತ್ತಿದ್ದರು. ಹದಿನೈದು ವರ್ಷ ದುಡಿದು, ಊರಿಗೆ ಮರಳಿ, ಅಡಿಕೆ ತೋಟ ನೋಡಿಕೊಂಡರು.

ಇಂಥವರು ಎರಡು ವರ್ಷಗಳಿಂದ ಹೊರಗೆಲ್ಲೂ ಊಟ ಮಾಡಿರಲಿಲ್ಲ. ಪಾರ್ಶ್ವವಾಯುವಿನಿಂದ ಬಲಗೈ ಸೋತಿತ್ತು. ಚಮಚವನ್ನು ಎಡಗೈಯಲ್ಲಿ ಹಿಡಿಯಬೇಕು. ನುಂಗುವಾಗಲೂ ಎಚ್ಚರ ಬೇಕು: ಬೆನ್ನು ನೇರವಾಗಿ ಕುಳಿತು, ಗಲ್ಲವನ್ನು ತುಸು ತಗ್ಗಿಸಿ, ಸಣ್ಣ ಸಣ್ಣ ತುತ್ತು. ಗಟ್ಟಿ ಗಂಜಿಗಿಂತ ತಿಳಿನೀರೇ ಅವರಿಗೆ ಹೆಚ್ಚು ಅಪಾಯವೆಂದು ಆಸ್ಪತ್ರೆಯಲ್ಲಿ ತರಬೇತಿ ಕೊಟ್ಟವರು ತಿಳಿಸಿದ್ದರು. ಕಾಯಿಲೆಯ ಬಳಿಕ ಒಮ್ಮೆ, ಮೊಮ್ಮಗಳ ಹುಟ್ಟುಹಬ್ಬಕ್ಕೆಂದು ನಗರದ ಒಂದು ಹೋಟೆಲಿಗೆ ಹೋಗಿದ್ದೆವು. ಸಾರು ಗಂಟಲಿಗೆ ಸಿಕ್ಕಿ ಕೆಮ್ಮು ಹತ್ತಿತು. ಅಂಗಿಯ ಮೇಲೆಲ್ಲ ಚೆಲ್ಲಿತು. ಅಕ್ಕಪಕ್ಕದ ಮೇಜಿನವರು ತಿರುಗಿ ನೋಡಿದರು. ಅಂದಿನಿಂದ ಅವರು ಮದುವೆ, ಉಪನಯನ ಯಾವುದಕ್ಕೂ ಹೋಗಲಿಲ್ಲ. ಜನರು ನೋಡಿದ್ದರಿಂದ ಅವರಿಗೆ ನಾಚಿಕೆಯಾಯಿತೆಂದು ನಾನು ತಿಳಿದಿದ್ದೆ.

ಆದುದರಿಂದ ಈ ಸಲ ಹೋಟೆಲನ್ನು ನಾನೇ ಮುಂದಾಗಿ ಹೋಗಿ ನೋಡಿ ಬರುವುದೆಂದು ನಿಶ್ಚಯಿಸಿದೆ. ಭಾವನವರು ಮಂಗಳೂರಿನ ಒಂದು ದೊಡ್ಡ ಹೋಟೆಲನ್ನು ಸೂಚಿಸಿದ್ದರು. ತಲಪಾಡಿ ದಾಟಿ ಸುಮಾರು ೫೦ ಕಿಲೋಮೀಟರು. ಅಲ್ಲಿ ಹವಾನಿಯಂತ್ರಣವಿತ್ತು, ಮಂದವಾದ ದೀಪಗಳಿದ್ದವು, ಜೋರಾದ ಸಂಗೀತವಿತ್ತು. ಸಾಲಾಗಿ ಇಟ್ಟ ಪಾತ್ರೆಗಳಿಂದ ಅವರವರೇ ಬಡಿಸಿಕೊಳ್ಳಬೇಕು. ಒಂದು ಕೈಯಲ್ಲಿ ಊರುಗೋಲು, ಇನ್ನೊಂದು ಕೈಯಲ್ಲಿ ಬಲವಿಲ್ಲ. ತಟ್ಟೆಯನ್ನು ಹಿಡಿಯುವುದು ಯಾವ ಕೈಯಲ್ಲಿ? ಅಮ್ಮನಿಗಂತೂ ಅಲ್ಲಿಯೂ ಬಡಿಸುವ ಕೆಲಸವೇ ಗತಿ.

ಕಾಸರಗೋಡು ಪೇಟೆಯ ಊಟದ ಹೋಟೆಲೊಂದರಲ್ಲಿ ಅಡುಗೆ ಬಹಳ ರುಚಿಯಾಗಿತ್ತು. ಆದರೆ ಬೆಂಚುಗಳಿಗೆ ಒರಗಿಲ್ಲ. ಹನ್ನೆರಡೂವರೆಯಾಯಿತೆಂದರೆ ಉಣ್ಣುವವರ ಬೆನ್ನ ಹಿಂದೆಯೇ ಮುಂದಿನವರು ಬಂದು ನಿಲ್ಲುತ್ತಾರೆ. ಒಂದು ತುತ್ತನ್ನು ಎರಡು ಸಲ ನುಂಗಬೇಕಾದವರಿಗೆ ಆ ಅವಸರ ಹೇಳಿದ್ದಲ್ಲ.

ಮೂರನೆಯದು ಕುಂಬಳೆಯ ಕಡೆಯ ಒಂದು ಹಳೆಯ ಸಸ್ಯಾಹಾರಿ ಹೋಟೆಲು. ಒಂದೇ ಮೆಟ್ಟಿಲು. "ಊಟದ ರುಚಿ ಆಮೇಲೆ ನೋಡು, ಮೊದಲು ಕೈ ತೊಳೆಯುವ ಜಾಗ ನೋಡು" ಎಂದು ಅಪ್ಪ ಹೇಳಿಕೊಟ್ಟಿದ್ದರು. ನೋಡಿದೆ, ಶುಚಿಯಾಗಿತ್ತು, ನೆಲ ಒಣಗಿತ್ತು. ಶೌಚಾಲಯದಲ್ಲಿ ಕುಳಿತುಕೊಳ್ಳುವ ಕಮೋಡು ಇತ್ತು. ಹನ್ನೊಂದೂಕಾಲಕ್ಕೆ ಬಂದರೆ ಬೆಳಗಿನ ತಿಂಡಿ ಮುಗಿದಿರುತ್ತದೆ, ಊಟದ ಗದ್ದಲ ಆರಂಭವಾಗಿರುವುದಿಲ್ಲ ಎಂದು ಯಜಮಾನರು ತಿಳಿಸಿದರು. ಮೆತ್ತಗಿನ ನೀರುದೋಸೆ, ಗಟ್ಟಿ ತೊವ್ವೆ, ಚೆನ್ನಾಗಿ ಬೆಂದ ಸಿಹಿಗುಂಬಳದ ಪಲ್ಯ, ಪಾಯಸ ಇಷ್ಟನ್ನು ಒಪ್ಪಿಕೊಂಡರು. ಕೈಯಿರುವ ಕುರ್ಚಿ ಇಲ್ಲವೇ ಎಂದು ಕೇಳಿದಾಗ, ಗಲ್ಲಾಪೆಟ್ಟಿಗೆಯ ಹಿಂದಿನ ತಮ್ಮ ಕುರ್ಚಿಯನ್ನೇ ತೋರಿಸಿ, "ಆ ದಿನ ನಾನು ಸ್ಟೂಲಿನಲ್ಲಿ ಕುಳಿತರಾಯಿತು" ಎಂದರು. ಮೂಲೆಯ ಮೇಜನ್ನು ನಾನು ಗೊತ್ತುಮಾಡಿದೆ. ಅಪ್ಪನ ಮುಖ ಗೋಡೆಯ ಕಡೆಗೆ, ಬೆನ್ನು ಜನರ ಕಡೆಗೆ ಇರುವಂತೆ ಕುರ್ಚಿ ಹಾಕಲು ಹೇಳಿ, ನನ್ನ ಮುಂದಾಲೋಚನೆಗೆ ನಾನೇ ಮೆಚ್ಚಿಕೊಂಡು ಮನೆಗೆ ಬಂದೆ.

ಆ ದಿನ ಅಪ್ಪ ಮೇಜಿನ ಹತ್ತಿರ ಬಂದು, ಕುರ್ಚಿಯನ್ನು ನೋಡಿ, ನಿಂತರು.

"ಗೋಡೆ ನೋಡಿಕೊಂಡು ಉಣ್ಣಲು ನಾನೇನು ತಪ್ಪು ಮಾಡಿದ್ದೇನೆ?"

ನನಗೆ ಉತ್ತರ ಹೊಳೆಯಲಿಲ್ಲ. ಅವರು ಮೆಲ್ಲಗೆ, ಅಮ್ಮನಿಗೆ ಕೇಳಿಸದಂತೆ ಮುಂದುವರಿಸಿದರು: "ಅಂದು ಜನ ನೋಡಿದರೆಂದು ನನಗೇನೂ ಆಗಲಿಲ್ಲ. ಹೋಟೆಲಿನಲ್ಲಿ ಜನ ನೋಡುವುದನ್ನು ನಾನು ಹದಿನೈದು ವರ್ಷ ಕಂಡವನು. 'ಜನ ನೋಡುತ್ತಿದ್ದಾರೆ ಅಪ್ಪ' ಎಂದು ನೀನು ಹೇಳಿದೆಯಲ್ಲ, ಅದು."

ಹೇಳಿದ್ದೆ. ಎರಡು ವರ್ಷಗಳಲ್ಲಿ ಒಮ್ಮೆಯೂ ಆ ಮಾತು ನನಗೆ ನೆನಪಾಗಿರಲಿಲ್ಲ. ಮೆಟ್ಟಿಲುಗಳನ್ನು ಎಣಿಸಿದವನು, ಕುರ್ಚಿಯ ಕೈಗಳನ್ನು ವಿಚಾರಿಸಿದವನು, ನಾಚಿಕೆ ಯಾರದೆಂಬುದನ್ನು ಮಾತ್ರ ವಿಚಾರಿಸಿರಲಿಲ್ಲ. ಕುರ್ಚಿಯನ್ನು ಎತ್ತಿ, ಅಡುಗೆಮನೆಯ ಬಾಗಿಲು ಕಾಣುವಂತೆ ತಿರುಗಿಸಿ ಇಟ್ಟೆ. ಅಪ್ಪ ಕುಳಿತರು.

ತಿಂಡಿಪಟ್ಟಿ ಇದ್ದುದು ಮಲಯಾಳದಲ್ಲಿ ಮತ್ತು ಇಂಗ್ಲಿಷಿನಲ್ಲಿ. ಅಪ್ಪನಿಗೆ ಮಲಯಾಳ ಮಾತು ಬರುತ್ತದೆ, ಅಕ್ಷರ ಬಾರದು. ಅವರು ಅದನ್ನು ಮುಚ್ಚಿಟ್ಟು ಬಡಿಸಲು ಬಂದ ಹುಡುಗನನ್ನು ನೋಡಿದರು. ಅಸ್ಸಾಮಿನ ಹುಡುಗ; ಅವನಿಗೆ ಕನ್ನಡವಿಲ್ಲ, ಮಲಯಾಳ ಅರೆಬರೆ. ಅರುವತ್ತು ವರ್ಷಗಳ ಹಿಂದಿನ ಮುಂಬಯಿ ಹಿಂದಿಯನ್ನು ಅಪ್ಪ ಹೊರಗೆ ತೆಗೆದರು. ಏನೇನಿದೆ, ಹೇಳು ಎಂದರು. ಹುಡುಗ ಉಸಿರು ಕಟ್ಟಿ ಪಟ್ಟಿಯನ್ನು ಒಪ್ಪಿಸತೊಡಗಿದ. ಅಪ್ಪನ ತುಟಿಗಳು ಅವನ ಜೊತೆಯಲ್ಲಿ ಚಲಿಸುತ್ತಿದ್ದವು.

"ಖಾನಾ ಖಾಯಾ?" ಎಂದು ಕೇಳಿದರು.

"ತೀನ್ ಬಜೇ, ದಾದಾಜಿ."

"ನಮಗೂ ಮೂರು ಗಂಟೆಗೇ" ಎಂದು ಅಪ್ಪ ನಮ್ಮ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು.

ನೀರುದೋಸೆ ಬಂದೊಡನೆ ಅಮ್ಮ ಅಭ್ಯಾಸಬಲದಿಂದ ಬಡಿಸಲು ಏಳಹೊರಟಳು. "ಕುಳಿತುಕೋ" ಎಂದರು ಅಪ್ಪ. ಹುಡುಗ ಎರಡನೆಯ ಸಲ ಪಾಯಸ ತಂದಾಗ ಅವಳು ಪಂಕ್ತಿಯ ಅತಿಥಿಗಳಂತೆ ಎಲೆಗೆ ಕೈ ಅಡ್ಡ ಹಿಡಿದು ಸಾಕು ಸಾಕೆಂದಳು. ಅವನು ಬಡಿಸಿಯೇ ಬಿಟ್ಟ. ಐವತ್ತು ವರ್ಷಗಳ ಸಂಸಾರದಲ್ಲಿ ಅವಳು ಹಾಗೆ ಕೈ ಅಡ್ಡ ಹಿಡಿದುದನ್ನು ನಾನು ನೋಡಿದ ನೆನಪಿಲ್ಲ.

ನಡುವೆ ಒಮ್ಮೆ ಅಪ್ಪನಿಗೆ ಕೆಮ್ಮು ಬಂತು. ಎರಡು ಮೇಜುಗಳಾಚೆ ಯಾರೋ ತಿರುಗಿ ನೋಡಿದರು. ನಾನು ಮಾತಾಡಲಿಲ್ಲ, ತುತ್ತನ್ನು ಕೆಳಗಿಟ್ಟು ಕಾದೆ. ಕೆಮ್ಮು ನಿಂತಿತು. ಅವರು ಎಡಗೈಯಿಂದ ಮತ್ತೆ ಚಮಚ ಎತ್ತಿಕೊಂಡರು.

ವಯಸ್ಸಾದ ತಂದೆತಾಯಿಗಳನ್ನು ಹೊರಗೆ ಊಟಕ್ಕೆ ಕರೆದೊಯ್ಯುವ ಓದುಗರಿಗೆ ಮೆಟ್ಟಿಲು, ಕುರ್ಚಿ, ಗದ್ದಲವಿಲ್ಲದ ಹೊತ್ತು ಇವನ್ನು ಮೊದಲೇ ನೋಡಿಕೊಳ್ಳಿರೆಂದು ನಾನು ಧೈರ್ಯವಾಗಿ ಹೇಳಬಲ್ಲೆ. ಎಲ್ಲಿ ಕುಳಿತುಕೊಳ್ಳುವಿರೆಂದು ಅವರನ್ನೇ ಕೇಳಿರೆಂಬುದನ್ನು ಮಾತ್ರ ತುಸು ಸಂಕೋಚದಿಂದಲೇ ಸೇರಿಸುತ್ತೇನೆ.

ಹೊರಡುವಾಗ ಅಪ್ಪ ಲೋಟಗಳನ್ನು ಒಂದರೊಳಗೊಂದು ಇಟ್ಟು ಮೇಜಿನ ಅಂಚಿಗೆ ಸರಿಸಿದರು. ಹುಡುಗನ ಕೈಗೆ ನೋಟೊಂದನ್ನು ಇತ್ತರು. ಕಾರಿನಲ್ಲಿ ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ ಹೇಳಿದರು: "ತೊವ್ವೆಗೆ ಉಪ್ಪು ಒಂದು ಕಲ್ಲು ಕಡಿಮೆಯಾಗಿತ್ತು. ಆದರೆ ಹುಡುಗ ಚೆನ್ನಾಗಿ ಬಡಿಸಿದ."