ಶುಕ್ರವಾರದ ಐದು ದಿರ್ಹಾಮ್

ಮೊನ್ನೆ ಪಕ್ಕದ ಮನೆಯ ಹುಡುಗ ಬಂದಿದ್ದ. ಐಟಿಐ ಮುಗಿಸಿದ್ದಾನೆ, ಮದುವೆಯಾಗಿ ಎರಡು ವರ್ಷ, ಮಗುವಿಗೆ ಎಂಟು ತಿಂಗಳು. ದುಬೈ ವೀಸಾ ಬರುತ್ತಿದೆಯಂತೆ. ‘ಅಕ್ಕ, ನೀವು ಅಲ್ಲಿಂದ ಹಾಕ್ತಿದ್ದ ಫೋಟೊ ಎಲ್ಲ ನೆನಪಿದೆ ನಂಗೆ. ಒಂದು ವರ್ಷ ಆದ್ಮೇಲೆ ಇವರನ್ನೂ ಕರೆಸಿಕೊಳ್ತೇನೆ’ ಎಂದ.

ಆ ಫೋಟೊಗಳ ಹಿಂದಿನ ಲೆಕ್ಕ ನಾನು ಊರಲ್ಲಿ ಯಾರಿಗೂ ಹೇಳಿರಲಿಲ್ಲ. ಇವತ್ತು ಹೇಳುತ್ತೇನೆ.

2018ರಲ್ಲಿ ಪತ್ರಿಕೆಗೆ ಬಿಡಿ ಸುದ್ದಿ ಬರೆಯುವ ಕೆಲಸ ಬಿಟ್ಟು, ಇಬ್ಬರು ಮಕ್ಕಳನ್ನು ಕರೆದುಕೊಂಡು ಕುಂದಾಪುರದಿಂದ ದುಬೈಗೆ ಹೋದೆ. ನಮ್ಮವರು ಅಲ್ಲಿ ಒಂದು ಕಚೇರಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಅಲ್ ಕುಸೈಸ್‌ನ ಒಂದು ಫ್ಲಾಟಿನಲ್ಲಿ ನಮಗೆ ಒಂದೇ ರೂಮು. ಅಡುಗೆಮನೆ, ಬಚ್ಚಲು ಇನ್ನೊಂದು ಸಂಸಾರದ ಜೊತೆ ಹಂಚಿಕೊಳ್ಳಬೇಕು. ಮಗನಿಗೆ ನಾಲ್ಕು ವರ್ಷ, ಮಗಳಿಗೆ ಒಂದೂವರೆ. ಅಂಗಳವಿಲ್ಲ, ಜಗಲಿಯಿಲ್ಲ. ವಾರವಿಡೀ ರೂಮಿನಲ್ಲೇ ಇದ್ದ ಮಕ್ಕಳು ಶುಕ್ರವಾರ ಬೆಳಗಾದರೆ ಚಪ್ಪಲಿ ಹಾಕಿಕೊಂಡು ಬಾಗಿಲ ಹತ್ತಿರ ನಿಲ್ಲುತ್ತಿದ್ದವು. ಆಗ ಅಲ್ಲಿ ವಾರದ ರಜೆ ಶುಕ್ರವಾರ.

ನಮ್ಮ ತಿರುಗಾಟವೆಲ್ಲ ಚಿಲ್ಲರೆ ಕಾಸಿನದು. ಮೆಟ್ರೊದಲ್ಲಿ ಐದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಆ ರೈಲಿಗೆ ಚಾಲಕನೂ ಇಲ್ಲ. ‘ಹಾಗಾದ್ರೆ ಹಾರ್ನ್ ಯಾರು ಹೊಡೀತಾರೆ?’ ಅಂತ ಮಗ ಕೇಳುತ್ತಿದ್ದ. ಒಮ್ಮೆ ಅವನ ಕೈಗೆ ಚಕ್ಕುಲಿ ಕೊಟ್ಟೆ. ಎದುರು ಕೂತಿದ್ದ ಮಲಯಾಳಿ ಹೆಂಗಸು ಗಾಬರಿಯಾಗಿ ಕೈಸನ್ನೆ ಮಾಡಿದರು. ಮೆಟ್ರೊದೊಳಗೆ ತಿಂದರೆ 100 ದಿರ್ಹಾಮ್ ದಂಡ. ಆಗ ಒಂದು ದಿರ್ಹಾಮ್ ಅಂದರೆ ಸುಮಾರು 19 ರೂಪಾಯಿ. ಚಕ್ಕುಲಿ ಚೀಲಕ್ಕೆ ವಾಪಸಾಯಿತು.

ಅಲ್ ಮಮ್ಜಾರ್ ಪಾರ್ಕಿನ ಕಡಲತೀರಕ್ಕೆ ತಲೆಗೆ 5 ದಿರ್ಹಾಮ್. ಚಿತ್ರಾನ್ನ ಕಟ್ಟಿಕೊಂಡು ಹೋದರೆ ಸಂಜೆವರೆಗೂ ಮಕ್ಕಳು ಮರಳಲ್ಲೇ. ಮರವಂತೆ ಕಡಲಿನ ಅಬ್ಬರ ಕಂಡ ನನಗೆ ಆ ಮೆತ್ತನೆ ನೀರು ಕೆರೆಯಂತೆ ಕಾಣುತ್ತಿತ್ತು. ಬೇಸಿಗೆಯಲ್ಲಿ ಹೊರಗೆ ಕಾಲಿಡಲಾಗದು. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಬಿಸಿಲಲ್ಲಿ ಕೆಲಸ ಮಾಡಿಸಬಾರದು ಅಂತ ಅಲ್ಲಿ ಕಾನೂನೇ ಇದೆ. ಆಗ ದುಬೈ ಮಾಲ್‌ಗೆ. ಅಲ್ಲಿನ ಮೀನಿನ ತೊಟ್ಟಿಯ ದೊಡ್ಡ ಗಾಜಿನ ಮುಂದೆ ನಿಂತು ನೋಡಲು ದುಡ್ಡು ಬೇಡ. ಮಗ ‘ಅಮ್ಮಾ, ತೊರಕೆ! ಸಾರು ಮಾಡೋದು!’ ಎಂದು ಕೂಗಿದ್ದಕ್ಕೆ ನಮ್ಮವರು ನಾಚಿ ದೂರ ಹೋಗಿ ನಿಂತರು.

ಊರಿಗೆ ಹೋಗುತ್ತಿದ್ದದ್ದು ಮಾಲಿನ ಫೋಟೊ, ಬುರ್ಜ್ ಖಲೀಫಾದ ಫೋಟೊ. ಒಂದೇ ರೂಮಿನ ಫೋಟೊ ಒಂದೂ ಹೋಗಲಿಲ್ಲ. ಅತ್ತೆ ಅವನ್ನು ಕೇರಿಗೆಲ್ಲ ತೋರಿಸುತ್ತಿದ್ದರು.

ಮಕ್ಕಳಿಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಅಬ್ರಾ. ಡೇರಾದಿಂದ ಬರ್ ದುಬೈಗೆ ಖಾರಿ ದಾಟಿಸುವ ಮರದ ದೋಣಿ, ತಲೆಗೆ 1 ದಿರ್ಹಾಮ್. 2019ರ ಒಂದು ಶುಕ್ರವಾರ ಆಚೆ ದಡದಲ್ಲಿ ಇಳಿದು ಮಗನನ್ನು ಗದರುತ್ತಿದ್ದೆ. ‘ಅಕ್ಕೋರ, ಕನ್ನಡದೋರೇನ್ರಿ?’ ಅಂತ ಹಿಂದಿನಿಂದ ದನಿ. ಮೂವತ್ತರ ಆಸುಪಾಸಿನ ಗಂಡಸು. ಯಾದಗಿರಿ ಕಡೆಯವನು, ಕಟ್ಟಡದ ಕೆಲಸ, ತಿಂಗಳಿಗೆ 900 ದಿರ್ಹಾಮ್. ಆ ದಡದ ತುಂಬ ಅಂಥವರೇ ಕೂತಿದ್ದರು, ಗುಂಪು ಗುಂಪಾಗಿ, ಎಲ್ಲ ಗಂಡಸರೇ. ಅಷ್ಟು ಶುಕ್ರವಾರ ಅವರ ಮಧ್ಯದಿಂದಲೇ ಹಾದುಹೋಗಿದ್ದೆ. ವರದಿಗಾರ್ತಿಯ ಕಣ್ಣಿಗೆ ಅದು ಬಿದ್ದಿರಲಿಲ್ಲ.

‘ನನ್ನ ಮಗಳೂ ಇಷ್ಟ ಅದಾಳ್ರಿ. ಹುಟ್ಟಿದಾಗ ನಾ ಇಲ್ಲೇ ಇದ್ದೆ. ಇನ್ನಾ ಎತ್ಕೊಂಡಿಲ್ರಿ. ಜರಾ ಎತ್ಕೊಳ್ಳೇನ್ರಿ?’

ಮಗಳನ್ನು ಕೊಟ್ಟೆ. ಎರಡೇ ನಿಮಿಷ. ಅವಳು ಜೋರಾಗಿ ಅತ್ತು ನನ್ನ ಕಡೆ ಕೈ ಚಾಚಿದಳು. ಅವನು ನಕ್ಕು ವಾಪಸ್ ಕೊಟ್ಟ. ‘ನಾ ಊರಿಗಿ ಹೋದ್ರ ನನ್ನ ಮಗಳೂ ಹಿಂಗ ಅಳ್ತಾಳೋ ಏನೋ’ ಎಂದ.

ಹೊರಡುವಾಗ ಮಗಳ ಮುಷ್ಟಿಯಲ್ಲಿ 5 ದಿರ್ಹಾಮ್ ನೋಟು ಇಟ್ಟ. ನಾನು ಬೇಡವೆಂದು ತೆಗೆಯಹೋದೆ. ‘ಮಕ್ಕಳ ಕೈಯಾಗ ಇಟ್ಟಿದ್ದು ತಿರುಗಿ ತಗೊಳ್ಳಂಗಿಲ್ರಿ ಅಕ್ಕೋರ’ ಎಂದ.

ಅವನಿಗೆ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ಯಾಕೆ ಆಗದು ಅಂತ ಆ ರಾತ್ರಿ ನಮ್ಮವರನ್ನು ಕೇಳಿದೆ. ಕುಟುಂಬದ ವೀಸಾಕ್ಕೆ ತಿಂಗಳಿಗೆ 4,000 ದಿರ್ಹಾಮ್ ಸಂಬಳ ಬೇಕು, ಇಲ್ಲವೇ 3,000 ಮತ್ತು ಕಂಪನಿಯದೇ ಮನೆ. 900ರವನಿಗೆ ಆ ಬಾಗಿಲೇ ಇಲ್ಲ. ನಾವು ಆ ಗೆರೆಗಿಂತ ಸ್ವಲ್ಪವೇ ಮೇಲಿದ್ದೆವು, ಅಷ್ಟೇ ವ್ಯತ್ಯಾಸ. ಆ ದಿನ ನಾನು ಸ್ಟೇಟಸ್‌ಗೆ ಹಾಕಿದ್ದು ಅಬ್ರಾದಲ್ಲಿ ಮಕ್ಕಳು ನಗುವ ಫೋಟೊ ಮಾತ್ರ.

2020ರಲ್ಲಿ ಕೊರೊನಾ ಬಂತು, ನಮ್ಮವರ ಕೆಲಸ ಹೋಯಿತು, ಊರಿಗೆ ಬಂದೆವು. ನಾನು ಮತ್ತೆ ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತುತ್ತಿದ್ದೇನೆ.

ಪಕ್ಕದ ಮನೆಯ ಹುಡುಗನಿಗೆ ಇದೆಲ್ಲ ಹೇಳಿದೆ. ಹೋಗಬೇಡ ಎನ್ನಲಿಲ್ಲ, ಗಲ್ಫಿನ ದುಡ್ಡಿನಿಂದ ಹೆಂಚು ಕಂಡ ಮನೆಗಳು ನಮ್ಮ ಕೇರಿಯಲ್ಲೇ ಇವೆ. ಏಜೆಂಟರು ನೋಂದಾಯಿತರೋ ಅಂತ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡು, ಸಂಬಳ ಎಷ್ಟು ಅಂತ ಬಾಯಿಮಾತು ನಂಬಬೇಡ, ಕಾಗದದಲ್ಲಿ ನೋಡು ಎಂದೆ. ಅವನು ಮೊಬೈಲ್ ತೆಗೆದು ಆಫರ್ ಲೆಟರ್ ತೋರಿಸಿದ. 1,200 ದಿರ್ಹಾಮ್, ಇರಲು ಕ್ಯಾಂಪ್.

ಕಪಾಟಿನಿಂದ ಆ 5 ದಿರ್ಹಾಮ್ ನೋಟು ತಂದು ಅವನ ಕೈಗೆ ಕೊಟ್ಟೆ. ಸ್ವಲ್ಪ ಹೊತ್ತು ಹಿಂದೆ ಮುಂದೆ ತಿರುಗಿಸಿ ನೋಡಿದ. ‘ಮಗು ಎದ್ದಿರಬಹುದು ಅಕ್ಕ, ಬರ್ತೇನೆ’ ಅಂತ ಎದ್ದು ಹೋದ.